ಕೌದಿಗೆ ಬಟ್ಟೆ ಆರಿಸೋದು: ಯಾವುದನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು, ಎಷ್ಟು ಮೀಟರ್ ಬೇಕು?

ಹೊಸಹೊಲಿಗೆ:

ನಮಸ್ಕಾರ. 60 × 80 ಇಂಚಿನ ಕೌದಿಗೆ ಬಟ್ಟೆ ಆರಿಸಬೇಕು. ವಿನ್ಯಾಸ ಸರಳ, ಬರೀ ಚೌಕಗಳು, ಹೊಲಿದಾದ ಮೇಲೆ ಒಂದೊಂದೂ 5 ಇಂಚು. ತುಂಡು ಜೋಡಿಸೋದು ಮೆಷಿನ್‌ನಲ್ಲಿ, ಮೂರು ಪದರ ಸೇರಿಸಿ ಟಾಕು ಹಾಕೋದು ಕೈಯಲ್ಲಿ. ಈಗ ಇರೋದು: ಪಾಪ್ಲಿನ್ ಮತ್ತು ಕೇಂಬ್ರಿಕ್‌ನ ಹೊಸ ತುಂಡುಗಳು, ಎರಡು ಹಳೆ ಕಾಟನ್ ಸೀರೆ, ನಾಲ್ಕೈದು ಹಳೆ ಅಂಗಿ, ಸ್ವಲ್ಪ ರೇಯಾನ್, ಒಂದು ಕಡುಗೆಂಪು ಬಟ್ಟೆ. ಇದರಲ್ಲಿ ಯಾವುದು ಆಗುತ್ತೆ, ಯಾವುದು ಆಗಲ್ಲ? ಬಣ್ಣ ಹೊಂದಿಸೋದು ಹೇಗೆ? ಇನ್ನೆಷ್ಟು ಬಟ್ಟೆ ತೊಗೋಬೇಕು?

ಹಾಸುಹೊಕ್ಕು:

ಬಣ್ಣದ ಮಾತು ಆಮೇಲೆ. ಮೊದಲು ತೂಕ ನೋಡಿ. ತೆಳು ಬಟ್ಟೆಯ ಪಕ್ಕ ದಪ್ಪ ಬಟ್ಟೆ ಕೂತರೆ ಎಳೆತವೆಲ್ಲ ತೆಳುವಿನ ಮೇಲೆ ಬೀಳುತ್ತೆ, ನಾಲ್ಕು ಸಲ ಒಗೆಯುವಷ್ಟರಲ್ಲಿ ಹೊಲಿಗೆ ಪಕ್ಕದಲ್ಲೇ ಸೀಳುತ್ತೆ.

ತೂಕ ಅಳೆಯೋದು ಕಷ್ಟವಲ್ಲ. 10 × 10 ಸೆಂ.ಮೀ. ತುಂಡು ಕತ್ತರಿಸಿ, 0.1 ಗ್ರಾಂ ತೋರಿಸುವ ತಕ್ಕಡಿಯಲ್ಲಿಟ್ಟು ಬಂದ ಅಂಕಿಯನ್ನು 100ರಿಂದ ಗುಣಿಸಿ. 1.3 ಗ್ರಾಂ ಬಂದರೆ ಅದು ಚದರ ಮೀಟರಿಗೆ 130 ಗ್ರಾಂ ಬಟ್ಟೆ. ತಕ್ಕಡಿ ಅಷ್ಟು ಸೂಕ್ಷ್ಮ ಇಲ್ಲದಿದ್ದರೆ ಕತ್ತರಿಸದೇ 50 × 50 ಸೆಂ.ಮೀ. ಬರುವ ಹಾಗೆ ಒಂದು ತುಂಡನ್ನು ತೂಗಿ 4ರಿಂದ ಗುಣಿಸಿ. ಕೌದಿಗೆಂದೇ ಮಾಡುವ ಕಾಟನ್ ಸುಮಾರು 135ರಿಂದ 150 ಗ್ರಾಂ ಇರುತ್ತೆ, ಸಾದಾ ನೇಯ್ಗೆ, ಇಂಚಿಗೆ ಹಾಸಿನಲ್ಲಿ (ಉದ್ದದ ಎಳೆ) 60ರಿಂದ 75, ಹೊಕ್ಕಿನಲ್ಲೂ (ಅಡ್ಡ ಎಳೆ) ಹೆಚ್ಚುಕಮ್ಮಿ ಅಷ್ಟೇ ಎಳೆ. ಒಳ್ಳೆ ಪಾಪ್ಲಿನ್ ಇದಕ್ಕೆ ಹತ್ತಿರ ಬರುತ್ತೆ. ಕೇಂಬ್ರಿಕ್ ಇನ್ನೂ ಹಗುರ, ಮಲ್ (ತುಂಬಾ ತೆಳು ಹತ್ತಿ ಬಟ್ಟೆ) ಅಂತೂ ಅರ್ಧವೂ ಇರಲ್ಲ. ನನ್ನ ಲೆಕ್ಕದಲ್ಲಿ ಮೇಲಿನ ಪದರದ ಬಟ್ಟೆಗಳ ನಡುವೆ 30 ಗ್ರಾಂಗಿಂತ ಹೆಚ್ಚು ವ್ಯತ್ಯಾಸ ಬೇಡ.

ನಿಮ್ಮ ಪಟ್ಟಿಯಲ್ಲಿ ರೇಯಾನ್ ತೆಗೆದುಬಿಡಿ. ಒದ್ದೆಯಾದಾಗ ಅದರ ಬಲ ಕುಸಿಯುತ್ತೆ, ತೂಕಕ್ಕೆ ಜಗ್ಗುತ್ತೆ. ಕತ್ತರಿಸುವಾಗಲೇ ಜಾರೋದರಿಂದ ಚೌಕ ಚೌಕವಾಗಿ ಉಳಿಯಲ್ಲ. ಒಗೆದ ಕೌದಿ ಒಣಹಾಕಿದಾಗ ಅತಿ ಹೆಚ್ಚು ಭಾರ ಬೀಳೋದು ಒದ್ದೆ ಬಟ್ಟೆಯ ಮೇಲೆ ಅನ್ನೋದನ್ನು ನೆನಪಿಡಿ.

ಅಂಗಿಗಳಲ್ಲಿ ಪಾಲಿಯೆಸ್ಟರ್ ಬೆರಕೆ ಇರುವುದೇ ಹೆಚ್ಚು. ಹೊಲಿಗೆಯ ಒಳಗಿಂದ ನಾಲ್ಕು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು ಲೋಹದ ತಟ್ಟೆಯ ಮೇಲೆ ಸುಟ್ಟು ನೋಡಿ. ಹತ್ತಿಯಾದರೆ ಕಾಗದದ ಹಾಗೆ ಉರಿದು ಮೆತ್ತನೆ ಬೂದಿ ಉಳಿಯುತ್ತೆ. ಪಾಲಿಯೆಸ್ಟರ್ ಇದ್ದರೆ ಕರಗಿ ಮುದುರಿ ಗಟ್ಟಿ ಮಣಿ ಆಗುತ್ತೆ. ಬೆರಕೆ ಬಟ್ಟೆಗೆ ಇಸ್ತ್ರಿಯ ಮಡಿಕೆ ನಿಲ್ಲಲ್ಲ, ಕಾಟನ್ ಜೊತೆ ಸಮವಾಗಿ ಕುಗ್ಗಲ್ಲ, ಸಮವಾಗಿ ಸವೆಯೋದೂ ಇಲ್ಲ.

ಕತ್ತರಿಗೆರೆ:

ಹೊಸ ಬಟ್ಟೆ ಕೊಳ್ಳುವಾಗ ಇನ್ನೊಂದು. ಗಂಜಿ ತುಂಬಿಸಿದ ಬಟ್ಟೆ ಮುಟ್ಟಿದಾಗ ಗಟ್ಟಿಮುಟ್ಟಾಗೇ ಕಾಣುತ್ತೆ. ಎರಡು ಪದರ ಹಿಡಿದು ಬೆರಳಲ್ಲಿ ಜೋರಾಗಿ ಉಜ್ಜಿ. ಬೆರಳಿಗೆ ಬಿಳಿ ಪುಡಿ ಹತ್ತಿದರೆ, ಉಜ್ಜಿದ ಜಾಗ ಮಾತ್ರ ಜಾಳಾಗಿ ಕಂಡರೆ ಅದನ್ನು ಅಲ್ಲೇ ಬಿಡಿ. ಒಂದೇ ಒಗೆತಕ್ಕೆ ಅದು ಬ್ಯಾಂಡೇಜ್ ಬಟ್ಟೆ ಆಗಿರುತ್ತೆ.

ಬೆಳಕಿಗೆ ಹಿಡಿದೂ ನೋಡಿ. ಎಳೆಗಳ ನಡುವೆ ಕಿಂಡಿ ಕಂಡರೆ ಮೇಲಿನ, ಕೆಳಗಿನ ಬಟ್ಟೆಯ ನಡುವೆ ಹಾಕುವ ಮೆತ್ತನೆ ಪದರದ, ಅಂದರೆ ಬ್ಯಾಟಿಂಗ್‌ನ ನಾರು ಆ ಕಿಂಡಿಗಳಿಂದ ಹೊರಬರುತ್ತೆ.

ನೀಲಿದಾರ:

ಬಣ್ಣದ ಪ್ರಶ್ನೆಗೆ ನನ್ನ ಉತ್ತರ. "ಯಾವ ಬಣ್ಣಕ್ಕೆ ಯಾವುದು ಹೊಂದುತ್ತೆ" ಅಂತ ಶುರು ಮಾಡಿದರೆ ದಾರಿ ತಪ್ಪೋದೇ ಜಾಸ್ತಿ. ಕೌದಿಯ ವಿನ್ಯಾಸ ಕಣ್ಣಿಗೆ ಕಾಣೋದು ತಿಳಿ–ಗಾಢದಿಂದ. ಹಸಿರು ಮತ್ತು ಕೆಂಪು ಬೇರೆ ಬಣ್ಣವೇ ಹೌದು, ಆದರೆ ಎರಡೂ ಒಂದೇ ಗಾಢತೆ ಇದ್ದರೆ ಹತ್ತು ಅಡಿ ದೂರದಿಂದ ಎರಡೂ ಸೇರಿ ಒಂದೇ ಮಂಕು ಪಟ್ಟೆ.

ಹಾಗಾಗಿ ಬಟ್ಟೆಗಳನ್ನು ಮೊದಲು ಮೂರು ಗುಡ್ಡೆ ಮಾಡಿ: ತಿಳಿ, ನಡು, ಗಾಢ. ಬಣ್ಣ ಮರೆತು ವಿಂಗಡಿಸಿ. ಆಮೇಲೆ ಎಲ್ಲವನ್ನೂ ಅಂಚು ಅಂಚು ಕಾಣುವ ಹಾಗೆ ಒಂದರ ಮೇಲೊಂದು ಜರುಗಿಸಿ ಹಾಸಿ, ಫೋನಲ್ಲಿ ಫೋಟೋ ತೆಗೆದು ಕಪ್ಪುಬಿಳುಪು ಮಾಡಿ. ಇಲ್ಲಿ ಎರಡು ಎಚ್ಚರಿಕೆ. ಒಂದು, ಒಂದೊಂದು ಬಟ್ಟೆಯ ಫೋಟೋ ಬೇರೆ ಬೇರೆ ತೆಗೀಬೇಡಿ. ಕ್ಯಾಮೆರಾ ಪ್ರತಿ ಸಲ ಬೆಳಕನ್ನು ತಾನೇ ಹೊಂದಿಸಿಕೊಂಡು ಗಾಢವನ್ನೂ ತಿಳಿಯಂತೆ ತೋರಿಸುತ್ತೆ. ಎಲ್ಲ ಒಂದೇ ಚಿತ್ರದಲ್ಲಿರಲಿ, ಪಕ್ಕದಲ್ಲಿ ಒಂದು ಬಿಳಿ ಹಾಳೆ, ಒಂದು ಕಪ್ಪು ಬಟ್ಟೆಯೂ ಇರಲಿ. ಎರಡು, ಇದಕ್ಕೆಂದು ಕೆಂಪು ಗಾಜುಹಾಳೆ ಬಳಸುವವರಿದ್ದಾರೆ. ಅದರ ಮೂಲಕ ನೋಡಿದರೆ ಕೆಂಪು, ಕಿತ್ತಳೆ ಬಟ್ಟೆ ಇರುವುದಕ್ಕಿಂತ ತುಂಬಾ ತಿಳಿಯಾಗಿ ಕಾಣುತ್ತವೆ. ನಿಮ್ಮಲ್ಲಿ ಕಡುಗೆಂಪು ಇರೋದರಿಂದ ಅದು ಮೋಸ ಮಾಡುತ್ತೆ.

ಮೂರು ಗುಂಪನ್ನೂ ಸಮಸಮ ಇಟ್ಟರೆ ಕೌದಿ ಚಪ್ಪಟೆ ಅನ್ನಿಸುತ್ತೆ. ಒಂದು ಗುಂಪು ಮುಂದಾಗಿರಲಿ. ಸರಳ ಚೌಕಗಳಿಗೆ ತಿಳಿಯದು ಅರ್ಧ, ಗಾಢದ್ದು ಐದರಲ್ಲೊಂದು, ಉಳಿದದ್ದು ನಡು, ಹೀಗಿಟ್ಟರೆ ಗಾಢ ತುಂಡುಗಳು ಎಲ್ಲಿ ಕೂತರೂ ಎದ್ದು ಕಾಣುತ್ತವೆ.

ಹೊಸಹೊಲಿಗೆ:

ಫೋಟೋ ತೆಗೆದು ನೋಡಿದೆ. ಮುಕ್ಕಾಲು ಪಾಲು ನಡುವಿನ ಗುಂಪಿಗೇ ಬೀಳ್ತಿದೆ. ಗಾಢ ಅಂದುಕೊಂಡಿದ್ದ ನೀಲಿ ಹೂವಿನದ್ದೂ ನಡುವೇ. ಏನು ಮಾಡಲಿ?

ನೀಲಿದಾರ:

ಎಲ್ಲರ ಬಟ್ಟೆ ಪೆಟ್ಟಿಗೆಯೂ ಹೀಗೇ ಇರುತ್ತೆ. ಅಂಗಡಿಯಲ್ಲಿ ಕೈ ಹೋಗೋದು ನಡುವಿನ ಬಣ್ಣಗಳ ಕಡೆಗೇ.

ಕೊಳ್ಳೋಕೆ ಮುಂಚೆ ಪ್ರತಿ ಬಟ್ಟೆಯ ಹಿಂಬದಿ ತಿರುಗಿಸಿ ನೋಡಿ. ಅಚ್ಚು ಹಾಕಿದ ಬಟ್ಟೆಯ ಹಿಂಭಾಗ ಮುಂಭಾಗಕ್ಕಿಂತ ಒಂದು ಮೆಟ್ಟಿಲು ತಿಳಿ. ಹಿಂಭಾಗವನ್ನೇ ಮೇಲೆ ಮಾಡಿ ಹೊಲಿದರೆ ಏನೂ ತಪ್ಪಿಲ್ಲ, ನಡುವಿನ ನಾಲ್ಕು ಬಟ್ಟೆಯಲ್ಲಿ ಒಂದೆರಡಾದರೂ ತಿಳಿ ಗುಂಪಿಗೆ ದಾಟುತ್ತವೆ. ಉಳಿದಂತೆ ಕೊಳ್ಳುವಾಗ ತಿಳಿ ಮತ್ತು ಕಡುಗಪ್ಪಿನ ಹತ್ತಿರದ ಬಣ್ಣಗಳನ್ನೇ ಹುಡುಕಿ.

ನಿಮ್ಮ ನೀಲಿ ಹೂವಿನದ್ದು ಯಾಕೆ ಹಾಗಾಯ್ತು ಗೊತ್ತಾ? ನೆಲ ಗಾಢ, ಹೂವು ಬಿಳಿ ಇರಬೇಕು. ಕಣ್ಣು ನೆಲದ ಬಣ್ಣವನ್ನೇ ಲೆಕ್ಕ ಹಾಕುತ್ತೆ, ದೂರದಿಂದ ಎರಡೂ ಕಲೆತು ನಡುವಾಗುತ್ತೆ. ರಟ್ಟಿನಲ್ಲಿ 5 ಇಂಚಿನ ಚೌಕ ಕಿಟಕಿ ಕತ್ತರಿಸಿ ಆ ಬಟ್ಟೆಯ ಮೇಲೆ ಸರಿಸುತ್ತಾ ಹೋಗಿ. ಎಲ್ಲಿಟ್ಟರೂ ಕಿಟಕಿಯಲ್ಲಿ ಹೆಚ್ಚುಕಮ್ಮಿ ಒಂದೇ ಪ್ರಮಾಣದ ಬಿಳಿ ಕಂಡರೆ ಆ ಬಟ್ಟೆ ಒಂದು ಗುಂಪಿಗೆ ಸೇರುತ್ತೆ. ಒಂದು ಕಡೆ ಪೂರ್ತಿ ಹೂವು, ಇನ್ನೊಂದು ಕಡೆ ಬರೀ ನೆಲ ಬಂದರೆ ಅದೇ ಬಟ್ಟೆಯ ಒಂದು ಚೌಕ ತಿಳಿ, ಇನ್ನೊಂದು ಗಾಢ ಆಗುತ್ತೆ. ಅಂಥದ್ದನ್ನು ಕೌದಿಯ ಹಿಂಬದಿಗೆ, ಅಂದರೆ ಕೆಳಗಿನ ಪದರಕ್ಕೆ, ಇಟ್ಟುಕೊಳ್ಳಿ.

ಸೂಜಿಮೊನೆ:

ಅಚ್ಚಿನ ಗಾತ್ರದ ಬಗ್ಗೆ ಒಂದು ಮಾತು ಸೇರಿಸ್ತೀನಿ. ಎಲ್ಲವೂ ಸಣ್ಣ ಹೂವಿನ ಬಟ್ಟೆಯೇ ಆದರೆ ತುಂಡುಗಳ ಗಡಿಯೇ ಕಾಣಲ್ಲ, ಕಣ್ಣಿಗೆ ಗಿಜಿಗಿಜಿ. ಚುಕ್ಕೆ ಅಥವಾ ಬೀಜದಷ್ಟು ಸಣ್ಣ ಅಚ್ಚು, ಒಂದೆರಡು ಇಂಚಿನ ಅಚ್ಚು, ಜೊತೆಗೆ ಅಚ್ಚಿಲ್ಲದ ಅಥವಾ ದೂರಕ್ಕೆ ಅಚ್ಚಿಲ್ಲದಂತೆ ಕಾಣುವ ಬಟ್ಟೆ ಮೂರೂ ಇರಲಿ. ಕಣ್ಣಿಗೆ ವಿಶ್ರಾಂತಿ ಕೊಡೋದು ಈ ಕೊನೆಯದ್ದೇ, ಹೆಚ್ಚಿನವರು ಕೊಳ್ಳೋದನ್ನು ಮರೆಯೋದೂ ಅದನ್ನೇ.

ಮೇಲೆ–ಕೆಳಗೆ ಇರುವ ಚಿತ್ರ, ಅಂದರೆ ಹಕ್ಕಿ, ಮರ, ಮನೆ ಇದ್ದರೆ ಎಲ್ಲ ಚೌಕಗಳನ್ನೂ ಒಂದೇ ದಿಕ್ಕಿಗೆ ಇಡಬೇಕಾಗುತ್ತೆ. ಜೋಡಿಸುವಾಗ ಒಂದು ತಲೆಕೆಳಗಾದರೂ ಕಣ್ಣು ನೇರ ಅಲ್ಲಿಗೇ ಹೋಗುತ್ತೆ.

ಇನ್ನು ಕೈ ಟಾಕಿನ ವಿಷಯ. ನೀವು ಕೈಯಲ್ಲಿ ಟಾಕು ಹಾಕೋದಾದರೆ ಒತ್ತು ನೇಯ್ಗೆಯ ಬಟ್ಟೆ ಆರಿಸಬೇಡಿ. ಬಾಟಿಕ್ ಮಾಡೋಕೆ ಬಳಸುವ ಬಟ್ಟೆ, ಹಾಸು ಹೊಕ್ಕು ಸೇರಿ ಇಂಚಿಗೆ 200ಕ್ಕಿಂತ ಹೆಚ್ಚು ಎಳೆ ಅಂತ ಬರೆದ ಹಾಸಿಗೆ ಹೊದಿಕೆ, ಇವುಗಳಲ್ಲಿ ಸೂಜಿ ಇಳಿಯೋದೇ ಕಷ್ಟ. ಮೂರ್ನಾಲ್ಕು ಟಾಕು ಒಟ್ಟಿಗೆ ಸೂಜಿಗೆ ಏರಿಸೋಕಾಗಲ್ಲ, ಬೆರಳು ನೋಯುತ್ತೆ, ಟಾಕು ಉದ್ದ ಆಗುತ್ತೆ. ಬಟ್ಟೆಯ ಮೇಲೆ ಬಣ್ಣ ಪದರವಾಗಿ ಕೂತಿರುವ ಅಚ್ಚು, ಮುಟ್ಟಿದರೆ ರಬ್ಬರಿನಂತೆ ದಪ್ಪ ಅನ್ನಿಸುತ್ತಲ್ಲ, ಅದೂ ಬೇಡ. ಸೂಜಿ ಚುಚ್ಚಿದ ತೂತು ಅದರಲ್ಲಿ ಮುಚ್ಚಿಕೊಳ್ಳಲ್ಲ. ಬಿಳಿಯ ಮೇಲೆ ಬಿಳಿ ಅಚ್ಚಿನ ಬಟ್ಟೆಗಳಲ್ಲಿ ಇದು ತುಂಬಾ ಸಾಮಾನ್ಯ.

ಕೊಳ್ಳೋಕೆ ಮುಂಚೆ ಪರೀಕ್ಷೆ ಅಂದರೆ, ಬಟ್ಟೆಯ ಮೂಲೆಯನ್ನು ಎರಡು ಪದರ ಮಡಚಿ ಒಂದು ಸಾದಾ ಸೂಜಿ ಚುಚ್ಚಿ ಎಳೆಯಿರಿ. ಟಕ್ ಟಕ್ ಅಂತ ಸದ್ದು ಮಾಡಿ ತಡೆದರೆ ಕೈ ಹೊಲಿಗೆಗೆ ಅದು ಬೇಡ.

ಹೊಸಹೊಲಿಗೆ:

ಎಲ್ಲ ಬಟ್ಟೆ ಮೊದಲೇ ಒಗೆದು ಕತ್ತರಿಸಬೇಕಾ?

ಕತ್ತರಿಗೆರೆ:

ಬೇಕಿಲ್ಲ ಅಂತ ನನ್ನ ಅಭಿಪ್ರಾಯ. ಹೊಸ ಬಟ್ಟೆಯಲ್ಲಿರುವ ಗಂಜಿಯ ಬಿಗಿ ಕತ್ತರಿಸೋಕೆ ಅನುಕೂಲ, ಅಂಚು ಜಗ್ಗಲ್ಲ, ಕಾಲಿಂಚಿನ ಹೊಲಿಗೆ ನೇರ ಬರುತ್ತೆ. ಮೂರೂ ಪದರ ಕೌದಿಯಾದ ಮೇಲೆ ಒಟ್ಟಿಗೇ ಕುಗ್ಗಿದರೆ ಟಾಕಿನ ನಡುವೆ ಮೆತ್ತನೆ ಸುಕ್ಕು ಬರುತ್ತೆ. ಆ ಸುಕ್ಕೇ ಹಲವರಿಗೆ ಇಷ್ಟ.

ಹಾಸುಹೊಕ್ಕು:

ಎಲ್ಲವೂ ಒಂದೇ ಬಗೆಯ ಹೊಸ ಕಾಟನ್ ಆದರೆ ಆ ಮಾತು ಸರಿ. ಇಲ್ಲಿ ಹಾಗಿಲ್ಲ. ಸೀರೆ, ಅಂಗಿ ಎಷ್ಟೋ ಸಲ ಒಗೆದು ಕುಗ್ಗಿ ಮುಗಿದಿವೆ. ಹೊಸ ಪಾಪ್ಲಿನ್ ಮೊದಲ ಒಗೆತಕ್ಕೆ 3ರಿಂದ 5% ಕುಗ್ಗುತ್ತೆ. 5 ಇಂಚಿನ ಚೌಕದಲ್ಲಿ 5% ಅಂದರೆ ಕಾಲು ಇಂಚು. ಪಕ್ಕದ ಸೀರೆ ತುಂಡು ಕುಗ್ಗದೆ ನಿಂತರೆ ಅದು ಉಬ್ಬಿ ನಿಲ್ಲುತ್ತೆ, ಹೊಸದು ಬಿಗಿದು ಎಳೆಯುತ್ತೆ. ಅದನ್ನು ಸುಕ್ಕಿನ ಚೆಂದ ಅಂತ ಕರೆಯೋಕಾಗಲ್ಲ, ಚೌಕದ ಆಕಾರವೇ ಕೆಡುತ್ತೆ.

ಕೈಯಲ್ಲಿ ಟಾಕು ಹಾಕುವವರು ಒಗೆಯಲೇಬೇಕು ಅನ್ನೋದಕ್ಕೆ ಇನ್ನೊಂದು ಕಾರಣ ಗಂಜಿ. ಅದು ಹೋದ ಮೇಲೆ ಸೂಜಿ ಸಲೀಸಾಗಿ ಓಡುತ್ತೆ.

ಕತ್ತರಿಗೆರೆ:

ಹಳೆಯದು ಹೊಸದು ಬೆರೆಸೋದಾದರೆ ಒಗೆಯಲೇಬೇಕು, ಒಪ್ಪಿದೆ. ಒಗೆದ ಬಟ್ಟೆ, ಒಗೆಯದ ಬಟ್ಟೆ ಒಂದೇ ಕೌದಿಯಲ್ಲಿ ಬರಬಾರದು. ಅದರಲ್ಲಿ ನಮ್ಮಿಬ್ಬರಿಗೂ ತಕರಾರಿಲ್ಲ. ಕತ್ತರಿಸಿಯೇ ಮಾರುವ 5 ಇಂಚಿನ ಚೌಕ, 2.5 ಇಂಚಿನ ಪಟ್ಟಿಗಳನ್ನು ಮಾತ್ರ ಒಗೆಯೋಕೆ ಹೋಗಬೇಡಿ, ಅಂಚು ಬಿಚ್ಚಿಕೊಂಡು ಅಳತೆಯೇ ಉಳಿಯಲ್ಲ. ಅಂದರೆ ಅವನ್ನು ಹಳೆ ಬಟ್ಟೆಯ ಜೊತೆ ಸೇರಿಸೋಕೂ ಬರಲ್ಲ.

ಒಗೆಯುವಾಗ ಕತ್ತರಿಸಿದ ಅಂಚಿನ ನಾಲ್ಕೂ ಮೂಲೆಯನ್ನು ಓರೆಯಾಗಿ ಒಂದು ಸೆಂ.ಮೀ. ಚಿವುಟಿ ತೆಗೆದರೆ ಎಳೆ ಬಿಚ್ಚೋದು, ಗಂಟು ಬೀಳೋದು ಕಡಿಮೆ. ಮುಂದೆ ಕೌದಿ ಯಾವ ಬಿಸಿ ನೀರಲ್ಲಿ ಒಗೆಯುತ್ತೀರೋ ಅದಕ್ಕಿಂತ ಕಡಿಮೆ ಬಿಸಿಯಲ್ಲಿ ಈಗ ಒಗೆದರೆ ಉಪಯೋಗವಿಲ್ಲ. ಸ್ವಲ್ಪ ಹಸಿ ಇರುವಾಗಲೇ ಇಸ್ತ್ರಿ ಮಾಡಿ. ಇಸ್ತ್ರಿಪೆಟ್ಟಿಗೆಯನ್ನು ತಳ್ಳಬೇಡಿ, ಎತ್ತಿ ಇಟ್ಟು ಒತ್ತಿ. ಬಟ್ಟೆ ತೀರಾ ಮೆತ್ತಗಾದರೆ ಕತ್ತರಿಸೋಕೆ ಮುಂಚೆ ತಿಳಿ ಗಂಜಿ ಹಾಕಿ ಬಿಗಿ ಮಾಡ್ಕೊಳ್ಳಿ. ಟಾಕು ಮುಗಿದ ಮೇಲೆ ಗಂಜಿ ಒಗೆದು ತೆಗೆಯಲೇಬೇಕು, ಇಲ್ಲದಿದ್ದರೆ ಬೆಳ್ಳಿಹುಳ ಬರುತ್ತೆ.

ಹೊಸಹೊಲಿಗೆ:

ಕಡುಗೆಂಪಿನದ್ದು ಬಣ್ಣ ಬಿಡುತ್ತೇನೋ ಅಂತ ಹೆದರಿಕೆ. ಉಪ್ಪು, ವಿನೆಗರ್ ಹಾಕಿ ನೆನೆಸಿದರೆ ಬಣ್ಣ ನಿಲ್ಲುತ್ತೆ ಅಂತಾರಲ್ಲ?

ಹಾಸುಹೊಕ್ಕು:

ನಿಲ್ಲಲ್ಲ. ಈ ನಂಬಿಕೆ ಎಷ್ಟು ಕೌದಿ ಹಾಳು ಮಾಡಿದೆಯೋ. ವಿನೆಗರ್ ಕೆಲಸ ಮಾಡೋದು ಉಣ್ಣೆ, ರೇಷ್ಮೆಗೆ ಹಾಕುವ ಆಮ್ಲ ಬಣ್ಣಗಳ ಜೊತೆ. ಹತ್ತಿಗೆ ಹಾಕುವ ರಿಯಾಕ್ಟಿವ್ ಬಣ್ಣ ನಾರಿಗೆ ಅಂಟಿಕೊಳ್ಳೋದು ಕ್ಷಾರದಲ್ಲಿ, ಸೋಡಾದ ನೀರಿನಲ್ಲಿ. ಉಪ್ಪು ಬಣ್ಣ ಹಾಕುವ ಹೊತ್ತಿನಲ್ಲಿ ಬಣ್ಣವನ್ನು ನೀರಿನಿಂದ ನಾರಿನ ಕಡೆಗೆ ತಳ್ಳುತ್ತೆ. ಬಣ್ಣ ಹಾಕಿ ಮುಗಿದ ಬಟ್ಟೆಯಲ್ಲಿ ಅದಕ್ಕೆ ಮಾಡೋಕೆ ಏನೂ ಉಳಿದಿರಲ್ಲ. ಬಟ್ಟೆ ಬಣ್ಣ ಬಿಡೋದು ಬಹಳ ಸಲ ಅಂಟದೇ ಉಳಿದ ಬಣ್ಣವನ್ನು ಕೊನೆಯಲ್ಲಿ ಸರಿಯಾಗಿ ತೊಳೆಯದೇ ಬಿಟ್ಟಿದ್ದರಿಂದ. ತೊಳೆದು ತೆಗೆಯೋದೇ ಅದಕ್ಕೆ ಉಪಾಯ.

ಪರೀಕ್ಷೆ ಹೀಗೆ ಮಾಡಿ. 5 ಸೆಂ.ಮೀ. ತುಂಡನ್ನು ಬಿಳಿ ಬಟ್ಟಲಿನಲ್ಲಿ ಬಿಸಿ ನೀರು, ಒಂದು ಹನಿ ದ್ರವ ಸೋಪು ಹಾಕಿ 30 ನಿಮಿಷ ಬಿಡಿ. ನೀರಿಗೆ ಬಣ್ಣ ಬಂತಾ ನೋಡಿ. ಆಮೇಲೆ ಅದನ್ನು ಒದ್ದೆಯಾಗೇ ಮಡಚಿದ ಬಿಳಿ ಕಾಟನ್ ಮೇಲಿಟ್ಟು ಒಣಗಲು ಬಿಡಿ. ನೀರು ತಿಳಿಯಾಗಿದ್ದರೂ ಬಿಳಿ ಬಟ್ಟೆಗೆ ಗುಲಾಬಿ ಕಲೆ ಬರಬಹುದು, ಆದ್ದರಿಂದ ಎರಡನೇ ಹೆಜ್ಜೆ ಬಿಡಬೇಡಿ. ನೀಲಿ ಇಂಡಿಗೊ ಬಟ್ಟೆಗೆ ಮೂರನೇ ಹೆಜ್ಜೆಯೂ ಬೇಕು: ಒಣ ಬಿಳಿ ಬಟ್ಟೆ ಬೆರಳಿಗೆ ಸುತ್ತಿ ಇಪ್ಪತ್ತು ಸಲ ಉಜ್ಜಿ. ಇಂಡಿಗೊ ನಾರಿನ ಮೇಲ್ಮೈಯಲ್ಲೇ ಕೂರುತ್ತೆ, ಹಾಗಾಗಿ ನೀರಿಗೆ ಬಿಡದಿದ್ದರೂ ಉಜ್ಜಿದರೆ ಹತ್ತುತ್ತೆ.

ಬಣ್ಣ ಬಿಟ್ಟರೆ ಆ ಬಟ್ಟೆಯೊಂದನ್ನೇ ಬೇರೆಯಾಗಿ ಬಿಸಿ ನೀರಲ್ಲಿ ಸೋಪು ಹಾಕಿ ಒಗೆದು, ನೀರು ತಿಳಿಯಾಗುವ ತನಕ ಮತ್ತೆ ಮತ್ತೆ ಮಾಡಿ.

ಸೂಜಿಮೊನೆ:

ಮುಗಿದ ಕೌದಿಯೇ ಬಣ್ಣ ಬಿಟ್ಟರೆ ಏನು ಅಂತಲೂ ಹೇಳಿಬಿಡೋಣ. ಒಣಗಿಸಬೇಡಿ, ಇಸ್ತ್ರಿಯನ್ನಂತೂ ಮಾಡಲೇಬೇಡಿ. ಒದ್ದೆ ಇರುವಾಗಲೇ ದೊಡ್ಡ ತೊಟ್ಟಿಯಲ್ಲಿ 60 ಡಿಗ್ರಿಯಷ್ಟು ಬಿಸಿ ನೀರು, ಧಾರಾಳ ದ್ರವ ಸೋಪು ಹಾಕಿ, ಕೌದಿ ಪೂರ್ತಿ ಮುಳುಗುವಂತೆ 10–12 ತಾಸು ಬಿಡಿ. ಒಂದು ಮೂಲೆ ನೀರಿನಿಂದ ಮೇಲೆ ಉಳಿದರೂ ಬಣ್ಣ ಅಲ್ಲಿ ಏರಿ ಗೆರೆ ಕಟ್ಟುತ್ತೆ. ನೀರು ಜಾಸ್ತಿ ಇರಬೇಕು, ಬಿಟ್ಟ ಬಣ್ಣ ತೆಳುವಾಗಿ ನೀರಲ್ಲೇ ತೇಲಬೇಕು. ಸೋಪು ಅದನ್ನು ಮತ್ತೆ ಬಟ್ಟೆಗೆ ಕೂರದ ಹಾಗೆ ಹಿಡಿದಿಡುತ್ತೆ. ನೀರಿಗೆ ಬಣ್ಣ ಇನ್ನೂ ಬರುತ್ತಿದ್ದರೆ ಹೊಸ ನೀರಲ್ಲಿ ಮತ್ತೊಮ್ಮೆ. ಉಣ್ಣೆಯ ಬ್ಯಾಟಿಂಗ್ ಇರುವ ಕೌದಿಗೆ, ರೇಷ್ಮೆ ತುಂಡು ಇರುವ ಕೌದಿಗೆ ಇದು ಬೇಡ.

ನೀಲಿದಾರ:

ಒಗೆದಾಗ ಬಿಡದ ಬಣ್ಣ ಬಿಸಿಲಿಗೆ ಮಾಸಬಹುದು, ಅದು ಬೇರೆಯೇ ಗುಣ. ಬಟ್ಟೆಯ ಒಂದು ಪಟ್ಟಿ ತೊಗೊಂಡು ಅರ್ಧ ಭಾಗವನ್ನು ರಟ್ಟಿನಿಂದ ಮುಚ್ಚಿ ಬಿಸಿಲು ಬೀಳುವ ಕಿಟಕಿಗೆ ಎರಡು ಮೂರು ವಾರ ಅಂಟಿಸಿ ನೋಡಿ.

ಹಾಸುಹೊಕ್ಕು:

ಬಣ್ಣ ಬಟ್ಟೆಯನ್ನೇ ತಿನ್ನೋದೂ ಉಂಟು. ಕಬ್ಬಿಣ ಮತ್ತು ಟ್ಯಾನಿನ್ (ಗಿಡಗಳಲ್ಲಿರುವ ಒಗರು ಪದಾರ್ಥ) ಸೇರಿಸಿ ಬರಿಸುವ ಕಪ್ಪು, ಕಡುಕಂದು ಹತ್ತಿಯನ್ನು ನಿಧಾನವಾಗಿ ಪುಡಿ ಮಾಡುತ್ತೆ. 19ನೇ ಶತಮಾನದ ಹಳೆ ಕೌದಿಗಳಲ್ಲಿ ಅಕ್ಕಪಕ್ಕದ ತುಂಡು ಗಟ್ಟಿಯಾಗಿದ್ದು ಕಂದು ತುಂಡು ಮಾತ್ರ ಉದುರಿರೋದು ಇದೇ ಕಾರಣಕ್ಕೆ. ತಲೆಮಾರು ಬಾಳಬೇಕಾದ ಕೌದಿಗೆ ನೈಸರ್ಗಿಕ ಕಪ್ಪು ಬೇಡ ಅಂತ ನಾನು ಖಚಿತವಾಗಿ ಹೇಳ್ತೀನಿ. ನೈಸರ್ಗಿಕ ಕೆಂಪು, ಹಳದಿಗೆ ಈ ತೊಂದರೆ ಇಲ್ಲ.

ಹೊಸಹೊಲಿಗೆ:

ಸೀರೆ ಮತ್ತು ಅಂಗಿ ಬಳಸೋದು ಹೇಗೆ? ಸೀರೆ ತೂಗಿದರೆ 80 ಗ್ರಾಂ ಬಂತು, ಪಾಪ್ಲಿನ್ 120.

ಸೂಜಿಮೊನೆ:

ಹಳೆ ಬಟ್ಟೆಗೆ ಎರಡು ಪರೀಕ್ಷೆ. ಕಿಟಕಿಗೆ ಅಡ್ಡ ಹಿಡಿದು ಸವೆದ ಜಾಗ ಗುರುತಿಸಿ, ಅಲ್ಲಿಗೆ ಸೀಮೆಸುಣ್ಣದಲ್ಲಿ ಅಡ್ಡಗೆರೆ ಹಾಕಿ. ಆಮೇಲೆ ಉಳಿದ ಕಡೆ ಎರಡು ಹೆಬ್ಬೆರಳನ್ನು 2 ಇಂಚು ದೂರ ಇಟ್ಟು ಹಾಸಿನ ದಿಕ್ಕಿಗೊಮ್ಮೆ, ಹೊಕ್ಕಿನ ದಿಕ್ಕಿಗೊಮ್ಮೆ ಜಗ್ಗಿ. ಎಳೆ ಸರಿದು ಜಾಲರಿ ಆದರೆ, ಚರ್ ಅಂತ ಸಣ್ಣ ಸದ್ದು ಬಂದರೆ ಆ ಭಾಗ ಬಿಡಿ. ಒಂದೇ ದಿಕ್ಕಲ್ಲಿ ನೋಡಿ ನಿಲ್ಲಿಸಬೇಡಿ, ಹಾಸು ಗಟ್ಟಿ ಇದ್ದು ಹೊಕ್ಕು ಸತ್ತಿರಬಹುದು.

80ಕ್ಕೂ 120ಕ್ಕೂ 40 ಗ್ರಾಂ ವ್ಯತ್ಯಾಸ, ಹಾಗೇ ಸೇರಿಸೋಕೆ ಜಾಸ್ತಿ. ಸೀರೆ ತುಂಡಿನ ಹಿಂದೆ ಒಗೆದ ಮಲ್ ಚೌಕ ಇಟ್ಟು, ಎರಡನ್ನೂ ಅಂಚಿನಿಂದ ಎಂಟನೇ ಒಂದು ಇಂಚು ಒಳಗೆ ಉದ್ದ ಟಾಕಲ್ಲಿ ಹಿಡಿದು, ಒಂದೇ ತುಂಡು ಅಂತ ಬಳಸಿ. ಇಸ್ತ್ರಿಗೆ ಅಂಟುವ ಹಗುರ ಕ್ಯಾನ್ವಾಸ್ ಕೂಡ ಆಗುತ್ತೆ, ಆದರೆ ಕೈ ಟಾಕಿಗೆ ಅದರ ಅಂಟು ತಡೆ. ನಿಮಗೆ ಮಲ್ ವಾಸಿ. ಸೀರೆಯ ದಪ್ಪ ಅಂಚು, ಜರಿ ಇದ್ದರೆ ಬಿಟ್ಟುಬಿಡಿ, ಅಲ್ಲಿ ಕುಗ್ಗುವ ಪ್ರಮಾಣ ಬೇರೆ. ಹೊಸ ಬಟ್ಟೆಯ ನೇಯ್ದ ಅಂಚನ್ನೂ ಇದೇ ಕಾರಣಕ್ಕೆ ಅರ್ಧ ಇಂಚು ಕತ್ತರಿಸಿ ತೆಗೀಬೇಕು.

ಅಂಗಿಯಲ್ಲಿ ಬೆನ್ನಿನ ಭಾಗ ದೊಡ್ಡ, ಒಳ್ಳೆ ತುಂಡು. ಕಾಲರ್ ಮಡಿಕೆ, ಮೊಣಕೈ, ಕಂಕುಳ ಬೇಡ. ಹೊಲಿಗೆ ಬಿಚ್ಚಿ ಎಳೆ ನೇರ ಮಾಡ್ಕೊಂಡು ಚೌಕದ ಅಂಚು ಎಳೆಗೆ ಸರಿಯಾಗಿ ಬರುವ ಹಾಗೆ ಕತ್ತರಿಸಿ. ಎಳೆಗೆ ಓರೆಯಾದ ಅಂಚು ಜಗ್ಗುತ್ತೆ. ಅದು ಕೌದಿಯ ಹೊರ ಅಂಚಿಗೆ ಬಂದರೆ ಇಡೀ ಅಂಚು ಅಲೆಅಲೆ ಆಗುತ್ತೆ.

ಪಟ್ಟೆ, ಚೌಕಳಿ ಅಂಗಿ ಒಳ್ಳೇದು. ನೇಯ್ದ ಚೌಕಳಿ ಎಳೆಗೆ ಸರಿಯಾಗೇ ಇರುತ್ತೆ. ಅಚ್ಚು ಹಾಕಿದ ಚೌಕಳಿ ಹಲವು ಸಲ ಎಳೆಗೆ ವಾರೆಯಾಗಿರುತ್ತೆ. ಒಂದು ಎಳೆ ಎಳೆದು ನೋಡಿ, ಗೆರೆಯ ಪಕ್ಕದಲ್ಲೇ ಹೋದರೆ ಸರಿ.

ಕತ್ತರಿಗೆರೆ:

ಈಗ ಲೆಕ್ಕ. 60 × 80ಕ್ಕೆ 5 ಇಂಚಿನ ಚೌಕ ಅಂದರೆ 12 × 16 = 192. ಕಾಲಿಂಚಿನ ಹೊಲಿಗೆಗೆ ಎರಡೂ ಬದಿ ಸೇರಿ ಅರ್ಧ ಇಂಚು, ಅಂದರೆ ಕತ್ತರಿಸೋದು 5.5 ಇಂಚು. 44 ಇಂಚು ಪನ್ನದ (ಅಗಲದ) ಬಟ್ಟೆಯಲ್ಲಿ ಅಂಚು ತೆಗೆದು, ಕುಗ್ಗಿದ ಮೇಲೆ ಹೆಚ್ಚುಕಮ್ಮಿ 41ರಿಂದ 42 ಸಿಗುತ್ತೆ. ಪನ್ನದ ಉದ್ದಕ್ಕೂ ಕತ್ತರಿಸಿದ 5.5 ಇಂಚಿನ ಒಂದು ಪಟ್ಟಿಗೆ 7 ಚೌಕ, 38.5 ಇಂಚು. 36 ಇಂಚು ಪನ್ನ ಆದರೆ 6 ಮಾತ್ರ.

ಹಾಗಾಗಿ ಎಷ್ಟು ಬಗೆಯ ಬಟ್ಟೆ ಅನ್ನೋದನ್ನು 7ರ ಲೆಕ್ಕದಲ್ಲಿ ಯೋಚಿಸಿ. ತಿಳಿ ಗುಂಪಿಗೆ 6 ಬಗೆ ತೊಗೊಂಡು ಒಂದೊಂದರಿಂದ 16 ಚೌಕ ಅಂದರೆ 3 ಪಟ್ಟಿ ಬೇಕು, ಮೂರನೇ ಪಟ್ಟಿಯಲ್ಲಿ 5 ಚೌಕದಷ್ಟು ವ್ಯರ್ಥ. ಅದರ ಬದಲು 7 ಬಗೆ, ಒಂದೊಂದರಿಂದ 2 ಪಟ್ಟಿ: 98 ಚೌಕ. ನಡುವಿಗೆ 9 ಬಗೆ, ಒಂದೊಂದು ಪಟ್ಟಿ: 63. ಗಾಢಕ್ಕೆ 5 ಬಗೆ, ಒಂದೊಂದು ಪಟ್ಟಿ: 35. ಒಟ್ಟು 196, ನಾಲ್ಕು ಹೆಚ್ಚಿಗೆ ಉಳಿಯುತ್ತೆ. ನೀಲಿದಾರ ಅವರು ಹೇಳಿದ ಪ್ರಮಾಣಕ್ಕೂ ಹತ್ತಿರ.

ಕೊಳ್ಳೋದು: ತಿಳಿ ಬಟ್ಟೆ ಒಂದೊಂದೂ 35 ಸೆಂ.ಮೀ. (11 ಇಂಚು ಬೇಕು, ಉಳಿದದ್ದು ಕುಗ್ಗೋಕೆ, ಅಂಚು ನೇರ ಮಾಡೋಕೆ). ನಡು, ಗಾಢ ಒಂದೊಂದೂ 20 ಸೆಂ.ಮೀ.

ಹಿಂಬದಿ ಎಲ್ಲ ಕಡೆ 4 ಇಂಚು ಹೆಚ್ಚಿಗೆ ಇರಬೇಕು: 68 × 88. 44ರ ಪನ್ನದಲ್ಲಿ 88 ಇಂಚಿನ ಎರಡು ಉದ್ದ ಕತ್ತರಿಸಿ ನಡುವೆ ಉದ್ದುದ್ದ ಹೊಲಿಗೆ. ಕುಗ್ಗೋದು ಸೇರಿ 4.8 ಮೀಟರ್. ಅಡ್ಡ ಹೊಲಿಗೆ ಹಾಕೋಕೆ ಹೋದರೆ ಅಂಚು ತೆಗೆದು ಕುಗ್ಗಿದ ಎರಡು ಪನ್ನ ಸೇರಿ 88 ಆಗಲ್ಲ, ಮೂರು ಬೇಕಾಗುತ್ತೆ. 108 ಇಂಚು ಪನ್ನದ ಬಟ್ಟೆ ಸಿಕ್ಕರೆ ಪನ್ನವನ್ನು ಕೌದಿಯ ಉದ್ದಕ್ಕೆ ತಿರುಗಿಸಿ, 1.9 ಮೀಟರ್ ಸಾಕು, ಹೊಲಿಗೆಯೂ ಇಲ್ಲ.

ಅಂಚುಪಟ್ಟಿಯಲ್ಲಿ, ಅಂದರೆ ಕೌದಿಯ ಸುತ್ತ ಅಂಚಿಗೆ ಹೊಲಿಯುವ ಪಟ್ಟಿಯಲ್ಲಿ, ಎಡವೋದು ಸುಲಭ. ಸುತ್ತಳತೆ 280, ಮೂಲೆ ಮತ್ತು ಕೊನೆಯ ಜೋಡಣೆಗೆ 12, ಒಟ್ಟು 292. 42ರಿಂದ ಭಾಗಿಸಿದರೆ 7 ಪಟ್ಟಿ ಸಾಕು ಅನ್ನಿಸುತ್ತೆ. ಆದರೆ 2.5 ಇಂಚಿನ ಪಟ್ಟಿಗಳನ್ನು ಓರೆಯಾಗಿ ಜೋಡಿಸುವಾಗ ಪ್ರತಿ ಜೋಡಣೆಗೆ ಎರಡೂವರೆ ಇಂಚು ಹೋಗುತ್ತೆ. 7 ಪಟ್ಟಿಗೆ 6 ಜೋಡಣೆ, 15 ಇಂಚು ಕಳೆದರೆ 279, ಸುತ್ತಳತೆಗೇ ಸಾಲದು. 8 ಪಟ್ಟಿ ಕತ್ತರಿಸಿ, 60 ಸೆಂ.ಮೀ. ತೊಗೊಳ್ಳಿ.

ಹೊಸಹೊಲಿಗೆ:

ಹಿಂಬದಿಗೆ ಫ್ಲ್ಯಾನೆಲ್ ಆಗುತ್ತಾ? ಬಣ್ಣ ಯಾವುದು?

ಹಾಸುಹೊಕ್ಕು:

ಆಗುತ್ತೆ, ಕೈ ಟಾಕಿಗೂ ಮೆತ್ತಗಿರುತ್ತೆ. ಪಾಪ್ಲಿನ್‌ಗಿಂತ ಜಾಸ್ತಿ ಕುಗ್ಗುತ್ತೆ, ಆದ್ದರಿಂದ ಎರಡು ಸಲ ಬಿಸಿ ನೀರಲ್ಲಿ ಒಗೆದೇ ಬಳಸಿ, 4.8ರ ಬದಲು 5 ಮೀಟರ್ ತೊಗೊಳ್ಳಿ. ತೂಕ ಜಾಸ್ತಿ ಇರೋದರಿಂದ ಬ್ಯಾಟಿಂಗ್ ತೆಳುವಾಗಿರಲಿ.

ಸೂಜಿಮೊನೆ:

ಹಿಂಬದಿಗೆ ಸಣ್ಣ ಅಚ್ಚಿನದ್ದೇ ಒಳ್ಳೇದು. ಅಚ್ಚಿಲ್ಲದ ಬಟ್ಟೆಯಲ್ಲಿ ಪ್ರತಿ ಟಾಕಿನ ಏರುಪೇರು, ದಾರದ ಗಂಟು ಎಲ್ಲ ಕಾಣುತ್ತೆ. ಮೇಲಿನದ್ದು ತುಂಬಾ ತಿಳಿಯಾಗಿರುವಾಗ ಹಿಂಬದಿ ಗಾಢ ಆದರೆ ಅದರ ನೆರಳು ಮುಂದೆ ಇಣುಕುತ್ತೆ, ಬ್ಯಾಟಿಂಗ್ ತೆಳುವಾದಷ್ಟೂ ಹೆಚ್ಚು.

ಇದೇ ತೊಂದರೆ ಹೊಲಿಗೆಯ ಒಳಗೂ ಇದೆ. ಹೊಲಿಗೆಯ ಅಂಚನ್ನು ಗಾಢ ಬಟ್ಟೆಯ ಕಡೆಗೆ ಮಡಚಿ ಇಸ್ತ್ರಿ ಮಾಡಿ. ತಿಳಿಯ ಕಡೆಗೇ ಮಡಚಬೇಕಾಗಿ ಬಂದರೆ ಗಾಢ ಬಟ್ಟೆಯ ಅಂಚನ್ನು ಒಂದು ಕೂದಲೆಳೆ ಕಿರಿದು ಮಾಡಿ, ತಿಳಿಯದ್ದು ಅದನ್ನು ಮುಚ್ಚಿಕೊಳ್ಳುತ್ತೆ. ತಿಳಿ ಬಟ್ಟೆ ಸಾಕಷ್ಟು ಮುಚ್ಚುತ್ತಾ ಅಂತ ಮೊದಲೇ ತಿಳಿಯೋಕೆ ಕಪ್ಪು–ಬಿಳಿ ಪಟ್ಟೆಯ ಮೇಲೆ ಒಂದು ಪದರ ಹಾಸಿ ನೋಡಿ. ಪಟ್ಟೆ ಸ್ಪಷ್ಟವಾಗಿ ಎಣಿಸೋಕಾದರೆ ಆ ಬಟ್ಟೆಗೂ ಹಿಂದೆ ಮಲ್ ಬೇಕು.

ನೀಲಿದಾರ:

ಕತ್ತರಿಸಿದ ಮೇಲೆ ಹೊಲಿಯೋಕೆ ಕೂರಬೇಡಿ. 192 ಚೌಕವನ್ನೂ ಹಾಸಿಗೆ ಹೊದಿಕೆಯ ಮೇಲೆ ಜೋಡಿಸಿ, ಹಗಲು ಬೆಳಕಲ್ಲೊಮ್ಮೆ, ರಾತ್ರಿ ದೀಪದಲ್ಲೊಮ್ಮೆ ನೋಡಿ. ಕೆಲವು ಬಣ್ಣಜೋಡಿ ಹಗಲಲ್ಲಿ ಒಂದೇ ಥರ ಕಂಡರೂ ದೀಪದಲ್ಲಿ ಬೇರೆ ಬೇರೆ ಆಗುತ್ತವೆ. ಹಳದಿ, ಕಿತ್ತಳೆ ಸ್ವಲ್ಪವೇ ಇದ್ದರೂ ಕಣ್ಣು ಸೆಳೆಯುತ್ತವೆ, ಅಂಥದ್ದು ಒಂದೇ ಕಡೆ ಬಂದರೆ ಕಲೆಯ ಹಾಗೆ ಕಾಣುತ್ತೆ. ಕಡಿಮೆ ಅಂದರೂ ಮೂರು ಕಡೆ, ತ್ರಿಕೋನದಲ್ಲಿ ಹಂಚಿ.

ಹೊಸಹೊಲಿಗೆ:

ಎಲ್ಲರಿಗೂ ತುಂಬಾ ಧನ್ಯವಾದ. ಕೆಂಪು ಬಟ್ಟೆ ನಾಲ್ಕು ಸಲ ಬಿಸಿ ನೀರಲ್ಲಿ ಒಗೆದಾಯ್ತು. ನೀರು ಈಗ ತಿಳಿ. ಆದರೆ ಒದ್ದೆಯಾಗಿ ಬಿಳಿ ಬಟ್ಟೆ ಮೇಲಿಟ್ಟರೆ ಇನ್ನೂ ತುಸು ಗುಲಾಬಿ ಬರ್ತಿದೆ. ಗಾಢ ಗುಂಪಿನ ಐದರಲ್ಲಿ ಅದೂ ಒಂದು. ಬಳಸಬಹುದಾ?

ಹಾಸುಹೊಕ್ಕು:

ಇನ್ನೆರಡು ಸಲ ಒಗೆದು ನೋಡಿ. ಆಮೇಲೂ ಬಿಳಿಗೆ ಹತ್ತಿದರೆ ಈ ಕೌದಿಗೆ ಬೇಡ, ನಿಮ್ಮಲ್ಲಿ ಅರ್ಧ ಚೌಕ ತಿಳಿ ಬಣ್ಣದ್ದೇ ಇದೆ. ಕೆಂಪನ್ನು ಪೂರ್ತಿ ಗಾಢ ಬಟ್ಟೆಗಳೇ ಇರುವ ಬೇರೆ ಕೆಲಸಕ್ಕೆ ಎತ್ತಿಡಿ. ಅದರ 7 ಚೌಕದ ಜಾಗಕ್ಕೆ ಉಳಿದ ನಾಲ್ಕು ಗಾಢ ಬಟ್ಟೆಯಲ್ಲಿ ಒಂದರಿಂದ ಇನ್ನೊಂದು 5.5 ಇಂಚಿನ ಪಟ್ಟಿ ಕತ್ತರಿಸಿದರೆ ಸಾಕು, ಹೊಸದು ಕೊಳ್ಳೋದು ಬೇಡ. ಆ ಬಟ್ಟೆ 20 ಸೆಂ.ಮೀ. ಬದಲು 35 ಸೆಂ.ಮೀ. ಇದೆಯಾ ಅಂತ ಮಾತ್ರ ಕತ್ತರಿ ಹಾಕೋ ಮುಂಚೆ ಅಳೆದುಕೊಳ್ಳಿ.